ಮೂಳೆಯಲ್ಲಿ ಗಡ್ಡೆ ಅಂದ ತಕ್ಷಣ ಸೂಜಿ ಚುಚ್ಚಿಸಿಕೊಳ್ಳಬೇಡಿ

ಹಿಮ್ಮಡಿ ನೋವು ಅಂತ ಡಾಕ್ಟರ ಹತ್ತಿರ ಹೋದವಳು ಕ್ಯಾನ್ಸರ್ ಭಯ ಹೊತ್ತುಕೊಂಡು ಮನೆಗೆ ಬಂದೆ. ಆಮೇಲಿನ ಎರಡೂವರೆ ತಿಂಗಳು ನಮ್ಮ ಮನೆ ಹೇಗಿತ್ತು ಅನ್ನೋದು ಬೇಡ ಬಿಡಿ, ಎಲ್ಲಿ ಎಡವಿದೆವು ಅನ್ನೋದನ್ನಷ್ಟೇ ಬರೆಯುತ್ತೇನೆ.

ನಾನು ಟೀಚರ್. ದಿನವಿಡೀ ನಿಂತೇ ಇರುತ್ತೇನೆ. ಬೆಳಿಗ್ಗೆ ಹಾಸಿಗೆಯಿಂದ ಇಳಿದು ಮೊದಲ ಹೆಜ್ಜೆ ಇಟ್ಟರೆ ಹಿಮ್ಮಡಿಗೆ ಮೊಳೆ ಹೊಡೆದ ಹಾಗೆ ನೋವು, ನಾಲ್ಕು ಹೆಜ್ಜೆ ನಡೆದ ಮೇಲೆ ಸ್ವಲ್ಪ ಕಮ್ಮಿ. ಎಕ್ಸ್‌-ರೇ ತೆಗೆದರು. ಹಿಮ್ಮಡಿ ಮೂಳೆಯ ಒಳಗೆ ಒಂದು ಕಪ್ಪು ಜಾಗ, ಅದರ ಸುತ್ತ ಪೆನ್ಸಿಲಿನಲ್ಲಿ ಗೀಚಿದಂತೆ ತೆಳ್ಳಗಿನ ಬಿಳಿ ಗೆರೆ, ನಡುವೆ ಒಂದು ಬಿಳಿ ಚುಕ್ಕೆ. ಡಾಕ್ಟರು ಫಿಲ್ಮನ್ನು ಬೆಳಕಿಗೆ ಹಿಡಿದು "ಗಡ್ಡೆ ಇದೆ, ಕೆಟ್ಟದ್ದೂ ಇರಬಹುದು, ನಾಳೆಯೇ ಬಯಾಪ್ಸಿ ಮಾಡೋಣ" ಅಂದರು. ಎಂಆರ್‌ಐ ಬೇಡ್ವಾ ಅಂತ ನಮ್ಮವರು ಕೇಳಿದ್ದಕ್ಕೆ, ಹೇಗಿದ್ದರೂ ಬಯಾಪ್ಸಿ ಆಗಲೇಬೇಕು, ಸುಮ್ನೆ ಅದಕ್ಕೆ ಯಾಕೆ ದುಡ್ಡು ದಂಡ ಅಂದರು. ಪಾಪ, ನಮ್ಮ ದುಡ್ಡು ಉಳಿಸುತ್ತಿದ್ದಾರೆ ಅಂತ ಖುಷಿಯೇ ಆಯಿತು ನೋಡಿ.

ಸೂಜಿ ಚುಚ್ಚಿ ಗಡ್ಡೆಯ ಚೂರು ತೆಗೆದು ಲ್ಯಾಬಿಗೆ ಕಳಿಸಿದರು, ಅದೇ ಬಯಾಪ್ಸಿ. ಹತ್ತು ದಿನ ಕಾದ ಮೇಲೆ ರಿಪೋರ್ಟ್ ಬಂತು. ಬರೀ ಕೊಬ್ಬು ಕಾಣುತ್ತಿದೆ, ಗಡ್ಡೆಯ ಭಾಗ ಸಿಕ್ಕಿಲ್ಲ, ಇನ್ನೊಮ್ಮೆ ಕಳಿಸಿ ಅಂತ. ಈ ಸಲ ಸೂಜಿ ಸಾಲದು, ಕೊಯ್ದೇ ತೆಗೆಯಬೇಕು ಅಂದರು. ನಾನು ಬಳೆ ಅಡ ಇಟ್ಟು ದುಡ್ಡು ಹೊಂದಿಸಿದೆ.

ವಿಷಯ ಏನಂದರೆ, ಉತ್ತರ ಆ ರಿಪೋರ್ಟಿನಲ್ಲೇ ಇತ್ತು. ಆ ಕೊಬ್ಬೇ ಗಡ್ಡೆ. ಚರ್ಮದ ಕೆಳಗೆ ಮೆತ್ತಗೆ ಕೈಗೆ ಸಿಗುತ್ತದಲ್ಲ, ಕೊಬ್ಬಿನ ಗಂಟು, ಅದೇ ಮೂಳೆಯ ಒಳಗೂ ಬೆಳೆಯಬಹುದು. ಮೂಳೆಯ ಲೈಪೋಮಾ ಅಂತಾರೆ, ಕ್ಯಾನ್ಸರ್ ಅಲ್ಲ. ಅಪರೂಪ, ಆದರೆ ಬಂದರೆ ಜಾಸ್ತಿ ಕಾಣಿಸಿಕೊಳ್ಳೋ ಜಾಗಗಳಲ್ಲಿ ಹಿಮ್ಮಡಿ ಮೂಳೆಯೂ ಒಂದು. ತೊಡೆ ಮೂಳೆಯ ಮೇಲ್ಭಾಗದಲ್ಲೂ ಬರುತ್ತದೆ. ದೊಡ್ಡವರ ಮೂಳೆಯ ಮಜ್ಜೆಯಲ್ಲಿ ಹೇಗೂ ಕೊಬ್ಬು ತುಂಬಿರುತ್ತದೆ, ಮೈಕ್ರೋಸ್ಕೋಪಿನಲ್ಲಿ ಆ ಕೊಬ್ಬಿಗೂ ಗಡ್ಡೆಯ ಕೊಬ್ಬಿಗೂ ಅಂಥ ವ್ಯತ್ಯಾಸ ಕಾಣೋದಿಲ್ಲ. ಎಕ್ಸ್‌-ರೇ ಪಕ್ಕದಲ್ಲಿ ಇಟ್ಟುಕೊಂಡು ನೋಡಿದರೆ ಮಾತ್ರ ಗೊತ್ತಾಗೋದು. ನನ್ನ ಸ್ಯಾಂಪಲ್ ಜೊತೆ ಲ್ಯಾಬಿಗೆ ಹೋಗಿದ್ದು ಒಂದು ಚೀಟಿ ಅಷ್ಟೇ, ಫಿಲ್ಮ್ ನಮ್ಮ ಮನೆಯ ಬೀರುವಿನಲ್ಲಿತ್ತು! ಆ ಲ್ಯಾಬಿನವರನ್ನು ಬೈದು ಏನು ಪ್ರಯೋಜನ.

ಆಪರೇಷನ್ನಿಗೆ ಮೂರು ದಿನ ಇದೆ ಅನ್ನುವಾಗ ಅಕ್ಕನ ಮಗ ಹಟ ಹಿಡಿದು, ಮೂಳೆ ಮತ್ತು ಕೀಲಿನ ಸ್ಕ್ಯಾನ್‌ಗಳನ್ನೇ ಜಾಸ್ತಿ ನೋಡುವ ಒಬ್ಬ ರೇಡಿಯಾಲಜಿಸ್ಟ್ ಹತ್ತಿರ ಕರೆದುಕೊಂಡು ಹೋದ. ಅವರು ಎಂಆರ್‌ಐ ಮಾಡಿಸಿದರು, ನನ್ನನ್ನೂ ಪರದೆಯ ಮುಂದೆ ಕೂರಿಸಿಕೊಂಡು ತೋರಿಸಿದರು. ಟಿ1 ಅನ್ನೋ ಚಿತ್ರದಲ್ಲಿ ಗಡ್ಡೆ ಬೆಳ್ಳಗೆ ಹೊಳೆಯುತ್ತಿತ್ತು, ಚರ್ಮದ ಕೆಳಗಿನ ಕೊಬ್ಬೂ ಅಷ್ಟೇ ಬೆಳ್ಳಗೆ. ಕೊಬ್ಬಿನ ಹೊಳಪನ್ನು ಅಡಗಿಸುವ ಇನ್ನೊಂದು ಚಿತ್ರದಲ್ಲಿ ಎರಡೂ ಒಟ್ಟಿಗೆ ಕಪ್ಪಾದವು. ನಡುವಿನ ಬಿಳಿ ಚುಕ್ಕೆ, ಸತ್ತ ಕೊಬ್ಬಿನ ಮೇಲೆ ಸುಣ್ಣ ಕಟ್ಟಿದ್ದು. 1988ರಲ್ಲಿ ಮಿಲ್‌ಗ್ರಾಮ್ ಅನ್ನುವವರು ಈ ಗಡ್ಡೆಗೆ ಮೂರು ಹಂತ ಗುರುತಿಸಿದ್ದಾರಂತೆ: ಮೊದಲು ಪೂರ್ತಿ ಜೀವಂತ ಕೊಬ್ಬು, ಆಮೇಲೆ ಸ್ವಲ್ಪ ಸತ್ತು ಸುಣ್ಣ ಕಟ್ಟಿದ್ದು, ಕೊನೆಗೆ ಹೆಚ್ಚುಕಮ್ಮಿ ಎಲ್ಲಾ ಸತ್ತು ನೀರುಗುಳ್ಳೆ ಆಗಿದ್ದು. ನನ್ನದು ಎರಡನೆಯದು. ಸಿಟಿ ಸ್ಕ್ಯಾನಿನಲ್ಲೂ ತಿಳಿಯುತ್ತದೆ, ಅದರ ಅಳತೆಯಲ್ಲಿ ನೀರು 0, ಕೊಬ್ಬು ಸೊನ್ನೆಗಿಂತ ಕೆಳಗೆ. ಬರೀ ಎಕ್ಸ್‌-ರೇ ನೋಡಿದರೆ ಮೂಳೆಯ ಸಾದಾ ನೀರುಗುಳ್ಳೆಯೂ ಹೀಗೇ ಕಾಣಬಹುದು, ಬೇರೆ ಗಡ್ಡೆಗಳೂ ಇರಬಹುದು, ಹಾಗಾಗಿ ಮೊದಲ ಡಾಕ್ಟರಿಗೆ ಅನುಮಾನ ಬಂದಿದ್ದು ತಪ್ಪಲ್ಲ. ಸ್ಕ್ಯಾನಿಗೆ ಮುಂಚೆ ಸೂಜಿ ಹಿಡಿದಿದ್ದು ತಪ್ಪು.

ಮತ್ತೆ ನೋವು? ಅದು ಗಡ್ಡೆಯದ್ದೇ ಅಲ್ಲ! ಅಂಗಾಲಿನ ಒಳಗೆ ಹಿಮ್ಮಡಿಯಿಂದ ಬೆರಳಿನ ಕಡೆಗೆ ಹೋಗುವ ಗಟ್ಟಿ ಪಟ್ಟಿ ಊದಿಕೊಂಡಿತ್ತು, ಮೊದಲ ಹೆಜ್ಜೆಗೆ ನೋವು ಅಂದಾಗಲೇ ಹೊಳೆಯಬೇಕಿತ್ತು ಅಂದರು. ಮೆತ್ತನೆಯ ಚಪ್ಪಲಿ, ಮೀನಖಂಡ ಎಳೆಯುವ ವ್ಯಾಯಾಮ, ಅಷ್ಟೇ ಔಷಧ. ಗಡ್ಡೆಯಿಂದಲೇ ನೋವಿದ್ದರೆ ಅಥವಾ ಮೂಳೆ ಮುರಿಯುವ ಹಾಗಿದ್ದರೆ ಕೆರೆದು ತೆಗೆದು ಬೇರೆ ಮೂಳೆ ತುಂಬುತ್ತಾರೆ, ಇಲ್ಲದಿದ್ದರೆ ಸುಮ್ಮನೆ ಬಿಡುತ್ತಾರೆ.

ಹಾಗಂತ ಇದನ್ನು ಓದಿ, ನಂದೂ ಕೊಬ್ಬೇ ಇರಬೇಕು ಅಂತ ಕೂತುಬಿಡಬೇಡಿ ಮಾರಾಯರೇ. ರಾತ್ರಿ ಮಲಗಿದಾಗಲೂ ಬಿಡದ ನೋವು, ದಿನದಿಂದ ದಿನಕ್ಕೆ ಹೆಚ್ಚುವ ಊತ, ಸ್ಕ್ಯಾನಿನಲ್ಲಿ ಮೂಳೆಯ ಹೊರಗೋಡೆ ಒಡೆದಿರೋದು, ಇಂಥದ್ದೇನಾದರೂ ಇದ್ದರೆ ಓಡಿ. ಬಯಾಪ್ಸಿ ಬೇಕಾಗುವ ಗಡ್ಡೆಗಳಿವೆ. ಅದನ್ನೂ ಮುಂದೆ ಆಪರೇಷನ್ ಮಾಡುವ ಕಡೆಯೇ, ಸ್ಕ್ಯಾನ್ ಮುಗಿದ ಮೇಲೆ ಮಾಡಿಸಿ. ಯಾಕೆಂದರೆ ಸೂಜಿ ಎಲ್ಲಿಂದ ಹೋಗಬೇಕು ಅನ್ನೋದನ್ನು ಸರ್ಜನ್ ಯೋಚಿಸಿ ಆರಿಸಬೇಕಾಗುತ್ತದೆ. ಇನ್ನೊಬ್ಬರ ಅಭಿಪ್ರಾಯ ಕೇಳಲು ಹೋಗುವಾಗ ಬರೀ ರಿಪೋರ್ಟ್ ಒಯ್ಯಬೇಡಿ, ಫಿಲ್ಮ್, ಸಿಡಿ ಎಲ್ಲಾ ಒಯ್ಯಿರಿ. ಬಯಾಪ್ಸಿ ಆಗಿದ್ದರೆ ಗಾಜಿನ ಸ್ಲೈಡುಗಳನ್ನೂ ಕೇಳಿ ಪಡೆಯಿರಿ.

ಒಂದು ವರ್ಷದ ಮೇಲೆ ಮತ್ತೆ ಎಕ್ಸ್‌-ರೇ ತೆಗೆಸಿದೆ. ಗಡ್ಡೆ ಇದ್ದಷ್ಟೇ ಇದೆ. ಬೆಳಗಿನ ನೋವು ಹೋಗಿದೆ, ಸೂಜಿ ಚುಚ್ಚಿದ ಜಾಗ ಮಾತ್ರ ಚಳಿಗಾಲದಲ್ಲಿ ಇನ್ನೂ ಜುಮ್ ಅನ್ನುತ್ತದೆ. ಬಳೆ ಇನ್ನೂ ಬಿಡಿಸಿಕೊಂಡಿಲ್ಲ.