ಕುಪ್ರಮೈನ್: ಟೆಸ್ಟ್ ಕಿಟ್ ಇದ್ರೆ ಮಾತ್ರ ತಗೊಳ್ಳಿ

ನಮ್ಮ ಉಪ್ಪುನೀರಿನ ತೊಟ್ಟಿಯ ಬ್ಲೂ ಟ್ಯಾಂಗ್ ಮೀನಿನ ಮೈಮೇಲೆ ರವೆ ಉದುರಿಸಿದಂಗೆ ಬಿಳಿ ಚುಕ್ಕಿ ಎದ್ದು, ಕಲ್ಲಿಗೆ ಮೈ ಉಜ್ಜೋಕೆ ಶುರು ಮಾಡಿದಾಗ ತರಿಸಿದ್ದು ಸೀಕೆಮ್‌ನ ಈ ತಾಮ್ರದ ಔಷಧ. ಚುಕ್ಕಿ ಬಿಡಿಬಿಡಿಯಾಗಿದ್ರೆ ಮರೈನ್ ಇಕ್ ಅನ್ನೋ ಪರಾವಲಂಬಿ ರೋಗ. ನುಣ್ಣನೆ ಹೊಂಬಣ್ಣದ ಧೂಳು ಕಂಡು ಉಸಿರಾಟ ಜೋರಾಗಿದ್ರೆ ವೆಲ್ವೆಟ್ ಅನ್ನೋ ಇನ್ನೊಂದು ಪರಾವಲಂಬಿ ರೋಗ, ಕಾಯ್ಬೇಡಿ. ಎರಡಕ್ಕೂ ತಾಮ್ರ ಆಗುತ್ತೆ. ಕ್ಲೌನ್ ಮೀನಿಗೆ ಲೋಳೆಲೋಳೆಯಾಗಿ ಬರೋ ಬ್ರೂಕ್ಲಿನೆಲ್ಲಾ ರೋಗಕ್ಕೆ ಆಗಲ್ಲ, ಅದಕ್ಕೆ ಫಾರ್ಮಲಿನ್ನೇ ಗತಿ.

ಬೇರೆ ತೊಟ್ಟಿಯಲ್ಲೇ ಹಾಕಿ. ಹವಳ, ಸೀಗಡಿ ಇರೋ ತೊಟ್ಟಿಗೆ ಇದು ವಿಷ. ಫಿಲ್ಟರಿನಲ್ಲಿರೋ ಕಾರ್ಬನ್ ತೆಗೀರಿ. ಅರ್ಧ ಡೋಸ್, 48 ಗಂಟೆ ಬಿಟ್ಟು ಇನ್ನರ್ಧ. ಗುರಿ ಲೀಟರಿಗೆ 0.5 ಮಿಲಿಗ್ರಾಂ ತಾಮ್ರ, ಟೆಸ್ಟ್ ಕಿಟ್‌ನಲ್ಲಿ ಅಳೆದು ನೋಡಿ. ಅಂಗಡಿಯವರು ‘ಅಂದಾಜಲ್ಲಿ ಹಾಕಿ ಸಾರ್’ ಅಂತಾರೆ, ಕೇಳ್ಬೇಡಿ.

ಚುಕ್ಕಿ ಉದುರಿತು ಅಂತ ನಿಲ್ಲಿಸ್ಬೇಡಿ. ತಾಮ್ರ ಕೊಲ್ಲೋದು ನೀರಲ್ಲಿ ಈಜಾಡೋ ಪರಾವಲಂಬಿ ಮರಿಗಳನ್ನ, ತಳದಲ್ಲಿ ಗೂಡು ಕಟ್ಟಿಕೊಂಡಿರೋದನ್ನಲ್ಲ. ನಮ್ಮ ಟ್ಯಾಂಗ್ ಈಗ ನೋರಿ (ಒಣಗಿಸಿದ ಕಡಲಪಾಚಿ) ಕಿತ್ತು ತಿಂತಿದೆ. ಔಷಧಕ್ಕೆ ಐದಕ್ಕೆ ನಾಲ್ಕು ಅಂಕ.