ರಾಜನ ಕತೆಯೋ, ಲಾಯದ ಹುಡುಗನ ಕತೆಯೋ?

ಹತ್ತರಿಂದ ಹದಿಮೂರು ವಯಸ್ಸಿನ ಮಕ್ಕಳಿಗೆ ಇತಿಹಾಸದ ರುಚಿ ಹತ್ತಿಸಲು ಕಾದಂಬರಿ ಹುಡುಕಿದರೆ ಮುಖ್ಯವಾಗಿ ಮೂರು ಬಗೆ ಸಿಗುತ್ತವೆ. ಒಂದರಲ್ಲಿ ರಾಜನೋ ಸೇನಾಪತಿಯೋ ನಾಯಕ. ಇನ್ನೊಂದರಲ್ಲಿ ಆ ಕಾಲದ ಕಲ್ಪಿತ ಹುಡುಗನೋ ಹುಡುಗಿಯೋ ಕತೆ ಹೇಳುತ್ತಾರೆ. ಮೂರನೆಯದರಲ್ಲಿ ಇಂದಿನ ಮಗು ಕಾಲಯಂತ್ರ ಹತ್ತಿ ಹಿಂದಕ್ಕೆ ಹೋಗುತ್ತದೆ. ಮೂರನ್ನೂ ಓದಿಸಿ ನೋಡಿದ ಮೇಲೆ ನಮ್ಮ ಓಟು ಎರಡನೆಯದಕ್ಕೆ.

ದೊಡ್ಡವರು ಮೊದಲು ಕೈ ಹಾಕುವುದು ರಾಜನ ಕತೆಗೇ. ಪಠ್ಯದ ಹೆಸರು, ಇಸವಿಗಳು ಅಲ್ಲೂ ಸಿಗುತ್ತವಲ್ಲ! ತೊಡಕು ಇರುವುದು ಸಂಭಾಷಣೆಯಲ್ಲಿ. ಲೇಖಕ ಕಟ್ಟಿದ ಮಾತನ್ನೇ ರಾಜ ಆಡಿದ ಮಾತೆಂದು ಮಕ್ಕಳು ಉತ್ತರಪತ್ರಿಕೆಯಲ್ಲಿ ಬರೆದುಬಿಡುತ್ತಾರೆ. ಗೆದ್ದವರು ಯಾರೆಂದು ಮೊದಲೇ ಗೊತ್ತಿದ್ದರೆ ಪುಟ ತಿರುಗಿಸುವ ಆತುರವೂ ಇರುವುದಿಲ್ಲ.

ಅದೇ 1565ರ ತಾಳಿಕೋಟೆ ಯುದ್ಧವನ್ನು ವಿಜಯನಗರದ ಕುದುರೆ ಲಾಯದ ಹುಡುಗನ ಕಣ್ಣಿಂದ ನೋಡಿ. ಯುದ್ಧದ ಫಲ ಗೊತ್ತಿದ್ದರೂ ಅವನು ಉಳಿಯುತ್ತಾನೋ ಇಲ್ಲವೋ ಗೊತ್ತಿಲ್ಲ. ಕುದುರೆಯ ಮೈ ಉಜ್ಜುತ್ತ ಅವನು ‘ಇದು ಹಡಗಿನಲ್ಲಿ ಬಂದದ್ದು’ ಅಂದರೆ ಸಾಕು, ‘ಕುದುರೆಗೆ ಯಾಕೆ ಹಡಗು?’ ಎಂಬ ಪ್ರಶ್ನೆ ಹುಟ್ಟುತ್ತದೆ. ಅಲ್ಲಿಂದ ಅರೇಬಿಯಾ, 1510ರಲ್ಲಿ ಗೋವಾ ಹಿಡಿದ ಪೋರ್ಚುಗೀಸರು, ಕುದುರೆ ವ್ಯಾಪಾರ, ಎಲ್ಲವೂ ತಾನಾಗಿ ಬಿಚ್ಚಿಕೊಳ್ಳುತ್ತವೆ. ಸಿಂಹಾಸನದ ಮೇಲೆ ಸದಾಶಿವರಾಯ, ಅಧಿಕಾರವೆಲ್ಲ ಅಳಿಯ ರಾಮರಾಯನ ಕೈಯಲ್ಲಿ. ಪಾಠದಲ್ಲಿ ಗೊಂದಲವಾಗುವ ಈ ಸಂಗತಿ ಲಾಯದವರ ಹರಟೆಯಲ್ಲಿ ಎರಡು ಸಾಲಿಗೆ ತಿಳಿದುಹೋಗುತ್ತದೆ.

ಈ ಬಗೆಯಲ್ಲೂ ಜೊಳ್ಳು ಬೇಕಾದಷ್ಟಿದೆ. ಹುಡುಗನಿಗೆ ಕೈತುಂಬ ಕೆಲಸವಿರಬೇಕು. ಬರೀ ನಿಂತು ನೋಡುವವನಾದರೆ ಕತೆ ವರದಿಯಾಗುತ್ತದೆ. ಅವನು ತಲುಪಿಸಿದ ಗುಟ್ಟಿನ ಪತ್ರದಿಂದಲೇ ಯುದ್ಧದ ದಿಕ್ಕು ಬದಲಾದರಂತೂ ಪುಸ್ತಕ ವಾಪಸ್ ಕಪಾಟಿಗೆ.

ಕಾಲಯಂತ್ರದ ಕತೆ ಓದೆಂದರೆ ಓಡುವವರಿಗೆ ಒಳ್ಳೆಯ ಮೊದಲ ಮೆಟ್ಟಿಲು. ಆದರೆ ಹಿಂದಿನವರೆಲ್ಲ ದಡ್ಡರು, ಮೊಬೈಲ್ ಹಿಡಿದು ಹೋದವನೇ ಜಾಣ ಎಂಬ ಧಾಟಿ ಬಹಳ ಬೇಗ ನುಸುಳುತ್ತದೆ. ಒಂದು ಓದಿಸಿ, ಮುಂದೆ ನಡೆಯಿರಿ.

ಓದಿಸುವ ಕ್ರಮ ಕೆಟ್ಟರೆ ಒಳ್ಳೆಯ ಪುಸ್ತಕವೂ ಸಪ್ಪೆ. ನೂರೈವತ್ತು ಪುಟದ್ದಾದರೆ ದಿನಕ್ಕೆ ಏಳೆಂಟು ಪುಟದಂತೆ ಮೂರು ವಾರ ಇಟ್ಟುಕೊಳ್ಳಿ. ಮೊದಲ ದಿನ ನಾಲ್ಕೈದು ಊರು ಗುರುತಿಸಿದ ಒಂದು ನಕ್ಷೆ ಕೊಡಿ, ಅಷ್ಟೇ. ಮೊದಲೆರಡು ಅಧ್ಯಾಯ ನೀವೇ ಗಟ್ಟಿಯಾಗಿ ಓದಿ. ಮಕ್ಕಳು ಎಡವುವುದು ಅಲ್ಲಿನ ಹೆಸರು, ಬಿರುದುಗಳಲ್ಲಿ. ಅಧ್ಯಾಯಕ್ಕೊಂದು ಪ್ರಶ್ನೋತ್ತರ ಬೇಡವೇ ಬೇಡ, ಆಗ ಕಾದಂಬರಿಯೂ ಪಠ್ಯಪುಸ್ತಕವೇ ಆಗುತ್ತದೆ. ನಿಜವಾದ ಪಾಠ ಕಾದಂಬರಿ ಮುಗಿದ ಮೇಲೆ ಬರಲಿ.

ಕೊನೆಗೆ ಒಂದು ಹಾಳೆಯನ್ನು ಮೂರು ಮಡಿಕೆ ಮಾಡಿಸಿ: ‘ನಡೆದದ್ದು’, ‘ನಡೆದಿರಬಹುದಾದದ್ದು’, ‘ಕಟ್ಟಿದ್ದು’. ಯುದ್ಧ ಮೊದಲನೆಯದಕ್ಕೆ, ಲಾಯದಲ್ಲಿ ಹುಡುಗರು ದುಡಿದದ್ದು ಎರಡನೆಯದಕ್ಕೆ, ಈ ಹುಡುಗನ ಹೆಸರು ಮೂರನೆಯದಕ್ಕೆ. ಜಗಳ ಹತ್ತುವುದು ನಡುವಿನ ಮಡಿಕೆಯಲ್ಲೇ, ಹತ್ತಲಿ ಬಿಡಿ.

ಕೊಳ್ಳುವ ಮುನ್ನ ವಸ್ತುಗಳ ಮೇಲೊಮ್ಮೆ ಕಣ್ಣಾಡಿಸಿ. 1565ರ ಗೂಢಚಾರನ ಕೈಯಲ್ಲಿ ದೂರದರ್ಶಕವಿದ್ದರೆ ತಪ್ಪು; ಅದು ಬೆಳಕಿಗೆ ಬಂದದ್ದೇ 1608ರಲ್ಲಿ. ಅಶೋಕನ ಅಡುಗೆಮನೆಯಲ್ಲಿ ಮೆಣಸಿನಕಾಯಿ ಹುರಿದಿದ್ದರೂ ಅಷ್ಟೇ. ಅದು ಅಮೆರಿಕದಿಂದ ಹೊರಟದ್ದು 1492ರ ನಂತರ. ಅಂಥ ಪುಸ್ತಕ ಈಗಾಗಲೇ ಮನೆಯಲ್ಲಿದ್ದರೆ ಎಸೆಯಬೇಡಿ, ತಪ್ಪು ಹುಡುಕುವ ಆಟಕ್ಕೆ ಅದಕ್ಕಿಂತ ಒಳ್ಳೆಯದು ಸಿಗದು.