ಮರಳು ಗುಂಡಿಯ ಗೋಡೆ ಪರೀಕ್ಷೆಗೆ ಕರೆಸಿದ್ದೆ, ನಾನು ಕಂಡದ್ದು

ಚಳ್ಳಕೆರೆ ಕಡೆ, ವೇದಾವತಿ ದಂಡೆಗೆ ಹತ್ತಿರ ನಮ್ಮದೊಂದು ಪಟ್ಟಾ ಜಮೀನಿನ ಮರಳು ಗುಂಡಿ ಇದೆ. ಮೇಲೆ ಶೇಂಗಾ ಹೊಲ, ಕೆಳಗೆ ಏಳೂವರೆ ಮೀಟರ್ ಮರಳು, ಗರಸು. ಹೋದ ವರ್ಷ ಚಿತ್ತೆ ಮಳೆಯಲ್ಲಿ, ರಾತ್ರಿ ಹೊತ್ತು ಪಡುವಣ ಗೋಡೆ ಜರಿದು ಹಿಟಾಚಿಯ ಬಕೆಟ್ ಪೂರ್ತಿ ಮುಚ್ಚಿಹೋಯಿತು. ಮಧ್ಯಾಹ್ನವಾದರೆ ನಮ್ಮ ಹುಡುಗರು ಬುತ್ತಿ ಬಿಚ್ಚುತ್ತಿದ್ದದ್ದು ಅದೇ ಗೋಡೆಯ ನೆರಳಲ್ಲಿ. ಅದನ್ನು ನೆನೆದರೆ ಈಗಲೂ ಕೈ ನಡುಗುತ್ತದೆ. ಈ ವರ್ಷ ಮಳೆಗಾಲ ಬಲಿಯುವ ಮುಂಚೆ ದಾವಣಗೆರೆಯ ಮಣ್ಣು ಪರೀಕ್ಷೆ ತಂಡವೊಂದನ್ನು ಕರೆಸಿದೆ.

ಬಂದವರು ಒಬ್ಬ ಇಂಜಿನಿಯರ್ ಮೇಡಂ, ಇಬ್ಬರು ಸಹಾಯಕರು. ಮೇಡಂ ಬಂದ ಕೂಡಲೇ ಗುಂಡಿಗೆ ಇಳಿಯಲಿಲ್ಲ, ಮೊದಲು ಮೇಲಿನ ಹೊಲ ಸುತ್ತಿದರು. ಅಂಚಿನಿಂದ ನಾಲ್ಕು ಹೆಜ್ಜೆ ಹಿಂದೆ, ಹುಲ್ಲಿನ ಮರೆಯಲ್ಲಿ, ಗೋಡೆಯ ಉದ್ದಕ್ಕೂ ಒಂದು ಬಿರುಕು. ದಿನಾ ಅದರ ಮೇಲೇ ನಮ್ಮ ಟಿಪ್ಪರ್ ಓಡಾಡುತ್ತಿತ್ತು, ನಾನು ಒಂದು ದಿನವೂ ನೋಡಿರಲಿಲ್ಲ. "ಸರ್, ಮೊದಲು ಈ ದಾರಿ ನಿಲ್ಲಿಸಿ, ಆಮೇಲೆ ಮಿಕ್ಕ ಮಾತು" ಅಂದರು.

"ಇಷ್ಟು ವರ್ಷ ನೆಟ್ಟಗೆ ನಿಂತಿದೆಯಲ್ಲ ಮೇಡಂ" ಅಂದೆ. ಅವರು ಗೋಡೆಯಿಂದ ಹಸಿ ಮರಳಿನ ಒಂದು ಹೆಂಟೆ ಕಿತ್ತು ಟಿಪ್ಪರ್ ಬಾನೆಟ್ಟಿನ ಮೇಲೆ ಬಿಸಿಲಿಗೆ ಇಟ್ಟರು. ನಾವು ಟೀ ಕುಡಿದು ಬರುವಷ್ಟರಲ್ಲಿ ಅದು ಉದುರಿ ಹರಡಿತ್ತು. ಕಣಗಳ ನಡುವಿನ ಸ್ವಲ್ಪ ತೇವವೇ ಅಂಟಿನ ಹಾಗೆ ಹಿಡಿದಿರುತ್ತದಂತೆ. ಒಣಗಿದರೂ ಆ ಹಿಡಿತ ಹೋಗುತ್ತದೆ, ನೀರು ತುಂಬಿಕೊಂಡರೂ ಹೋಗುತ್ತದೆ. ಗೋಡೆಯ ಬುಡದಲ್ಲಿ ಒರತೆ ಜಿನುಗುತ್ತಿದ್ದ ಜಾಗಕ್ಕೆ ಅವರು ಕೆಂಪು ಬಟ್ಟೆ ಕಟ್ಟಿದ ಗೂಟ ಹೊಡೆಸಿದರು.

ಕಾನೂನು ನನಗೂ ಗೊತ್ತಿತ್ತು. ಗಣಿ ಸುರಕ್ಷತೆಗೆ ಅಂತ ಮಾಡಿದ 1961ರ ಮೆಟಲಿಫೆರಸ್ ಮೈನ್ಸ್ ರೆಗ್ಯುಲೇಷನ್ಸ್, 106ನೇ ನಿಯಮ: ಇಂಥ ಸಡಿಲ ನೆಲದಲ್ಲಿ ಇಳಿಜಾರು 45 ಡಿಗ್ರಿ ಮೀರಬಾರದು, ಇಲ್ಲವೇ ಒಂದೂವರೆ ಮೀಟರ್ ಮೀರದ ಮೆಟ್ಟಿಲು ತೆಗೆದು, ಎತ್ತರದಷ್ಟಾದರೂ ಅಗಲ ಬಿಡಬೇಕು. ಅಷ್ಟು ಮಾಡಿದರೆ ಮುಗಿಯಿತು ಅಂದುಕೊಂಡಿದ್ದೆ. ಆದರೆ ಲ್ಯಾಬಿನ ಶಿಯರ್ ಬಾಕ್ಸ್ ಪರೀಕ್ಷೆಯಲ್ಲಿ, ಅಂದರೆ ಮರಳನ್ನು ಪೆಟ್ಟಿಗೆಯಲ್ಲಿಟ್ಟು ಅಡ್ಡಕ್ಕೆ ಜಾರಿಸಿ ನೋಡುವ ಪರೀಕ್ಷೆಯಲ್ಲಿ, ನಮ್ಮ ಮರಳಿನ ಘರ್ಷಣ ಕೋನ (ಒಣ ಮರಳು ಜಾರದೆ ನಿಲ್ಲಬಲ್ಲ ಇಳಿಜಾರಿನ ಮಿತಿ) 34 ಡಿಗ್ರಿ ಬಂತು. ಒಣ ಮರಳನ್ನು 45 ಡಿಗ್ರಿಗೆ ನಿಲ್ಲಿಸಿದರೆ ತಡೆಯುವ ಬಲ, ಜಾರಿಸುವ ಬಲದ 0.67 ಪಾಲು ಮಾತ್ರ. ಒಂದಕ್ಕಿಂತ ಕಡಿಮೆ ಅಂದರೆ ಜಾರಲೇಬೇಕು. ಅದಕ್ಕೆ ಮೆಟ್ಟಿಲು ಒಂದೂವರೆ ಮೀಟರ್ ಎತ್ತರವೇ ಇರಲಿ, ಅಗಲ ಮಾತ್ರ 3 ಮೀಟರ್ ಮಾಡಿ ಅಂದರು. ಆಗ ಒಟ್ಟು ಇಳಿಜಾರು 27 ಡಿಗ್ರಿಯೊಳಗೆ ಬರುತ್ತದೆ, ತಡೆಯುವ ಬಲದ ಆ ಪಾಲು 0.67ರಿಂದ 1.35ಕ್ಕೆ ಏರುತ್ತದೆ. ಅದೂ ಮರಳಿನೊಳಗೆ ನೀರು ಹರಿಯದಿದ್ದರೆ. ಹರಿದರೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದಂತೆ. ಅದಕ್ಕೇ ಹೊಲದ ನೀರು ಗುಂಡಿಗೆ ಬೀಳದಂತೆ ಮೇಲೆ ಕಾಲುವೆ ಹೊಡೆಸಿದರು.

ನಷ್ಟ ಉಂಟು, ಮುಚ್ಚಿಡುವುದಿಲ್ಲ. 45 ಡಿಗ್ರಿಗೆ ಹೋಲಿಸಿದರೆ ಗೋಡೆಯ ಪ್ರತಿ ಮೀಟರ್ ಉದ್ದಕ್ಕೆ ಸುಮಾರು 28 ಘನ ಮೀಟರ್ ಮರಳು ಹೆಚ್ಚಾಗಿ ಬಿಡಬೇಕಾಯಿತು. ಬಡಗಣ ಕಡೆ ಪಕ್ಕದವರ ಬದು ಹತ್ತಿರ, ಹಿಂದೆ ಸರಿಯಲು ಜಾಗವಿಲ್ಲ. ಅಲ್ಲಿ ಜರಡಿಯಲ್ಲಿ ಉಳಿದ ದಪ್ಪ ಕಲ್ಲನ್ನು ಬುಡಕ್ಕೆ ಒತ್ತಾಗಿ ಸುರಿಯಲು ಹೇಳಿದರು. ಭಾರವೂ ಆಯಿತು, ನೀರು ಬಸಿದು ಹೋಗಲು ದಾರಿಯೂ ಆಯಿತು.

ಎರಡು ದೂರು. ಎರಡು ವಾರದಲ್ಲಿ ಕೊಡುತ್ತೇವೆ ಅಂದ ವರದಿ ಆರು ವಾರ ತೆಗೆದುಕೊಂಡಿತು. ಮಳೆ ತಲೆ ಮೇಲೆ ಇರುವಾಗ ಇದು ಸಣ್ಣ ವಿಷಯ ಅಲ್ಲ. ಇನ್ನೊಂದು, ಬಂದದ್ದು ಪೂರ್ತಿ ಇಂಗ್ಲಿಷಿನಲ್ಲಿ. ಬಕೆಟ್ ಎಲ್ಲಿ ಹಾಕಬೇಕು ಅಂತ ತೀರ್ಮಾನ ಮಾಡುವವನು ನಮ್ಮ ಹಿಟಾಚಿ ಆಪರೇಟರ್, ಅವನು ಓದುವುದು ಕನ್ನಡ. ಫೋನ್ ಮಾಡಿ ಕೇಳಿದ ಮೇಲೆ ಮೇಡಂ ಒಂದು ಹಾಳೆಯಲ್ಲಿ ಚಿತ್ರ ಬರೆದು, ಅಳತೆ ಹಾಕಿ, ಕನ್ನಡದಲ್ಲೇ ಕಳಿಸಿದರು. ಅದನ್ನು ಕ್ಯಾಬಿನ್ನಿನಲ್ಲಿ ಅಂಟಿಸಿದ್ದೇವೆ. ಮುಂದಿನವರಿಗೆ ಕೇಳದೆಯೇ ಕೊಡಿ ಅಂತ ತಂಡಕ್ಕೆ ನನ್ನ ವಿನಂತಿ.

ಕರೆಸುವವರು ಹಸ್ತ ಮಳೆಗೆ ಎರಡು ತಿಂಗಳು ಮುಂಚೆಯೇ ಕರೆಸಿ. ಬಿರುಕಿನ ಎರಡೂ ಬದಿ ಗೂಟ ಹೊಡೆದು ಟೇಪಿನಲ್ಲಿ ಅಳೆಯುವುದನ್ನು ಅವರಿಂದ ಕಲಿತುಕೊಳ್ಳಿ. ನಮ್ಮ ಹುಡುಗರು ದಿನಾ ಬೆಳಿಗ್ಗೆ ಅಳೆದು, ಬರೆದಿಟ್ಟು, ಆಮೇಲೆ ಗುಂಡಿಗೆ ಇಳಿಯುತ್ತಾರೆ. ಬುತ್ತಿ ಬಿಚ್ಚಲು ಮೇಲೆ, ಬೇವಿನ ಮರದ ಹತ್ತಿರ ಒಂದು ಚಪ್ಪರ ಹಾಕಿಸಿದ್ದೇನೆ.